ದೊರೆತ ತಂದೆಯರ ವಿಭಾಗ

ಕಡಲತೀರದ ಮಕ್ಕಳ ಆಟದ ಮೈದಾನದಲ್ಲಿ ಇಂದಿನವರೆಗೆ ಒಂದೇ ಒಂದು ಮಗುವೂ ಕಳೆದುಹೋಗಿಲ್ಲ. ಇದನ್ನು ಆಡಳಿತ ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿದೆ. ಅಚ್ಚಾದ ಮಾತು ಸುಳ್ಳಾಗುವುದಿಲ್ಲ. ಈ ಸಾಧನೆಗಾಗಿ ಮಂಡಳಿಗೆ ಪ್ರತಿವರ್ಷ ಪ್ರಶಸ್ತಿಯೂ ಅದರ ಬೆನ್ನಿಗೇ ಅನುದಾನವೂ ಬರುತ್ತವೆ. ಅನುದಾನದಲ್ಲಿ ಅಧ್ಯಕ್ಷರಿಗೆ ಹೊಸ ಕಾರು, ಉಪಾಧ್ಯಕ್ಷರಿಗೆ ಅಧ್ಯಕ್ಷರದಕ್ಕಿಂತ ಸ್ವಲ್ಪ ಚಿಕ್ಕ ಕಾರು, ಮಕ್ಕಳಿಗೆ ಒಂದು ಜಾರುಬಂಡೆ ಮಂಜೂರಾಗಿವೆ. ಕಾರುಗಳು ಬಂದಿವೆ.

ಸಾಧನೆಯ ಹಿಂದಿರುವ ನಿಯಮ ಬಹಳ ಸರಳ. ಮಗುವೂ ಪೋಷಕರೂ ಪರಸ್ಪರ ಕಾಣದಾದಲ್ಲಿ, ಕಳೆದುಹೋದವರು ಪೋಷಕರೆಂದು ದಾಖಲಿಸತಕ್ಕದ್ದು. ನಾನು ಕಳೆದುಹೋದದ್ದು ಈ ನಿಯಮದ ಅಡಿಯಲ್ಲೇ.

ಆ ಭಾನುವಾರ ನಾವು ಸಂಸಾರ ಸಮೇತ ಹೋಗಿದ್ದೆವು. ನನ್ನಾಕೆ ಚಿಕ್ಕವನ ಕಾಲಿನ ಮರಳು ತೊಳೆಯಲು ನಲ್ಲಿಯ ಹತ್ತಿರ ಹೋದಳು. ಮಗಳು ಉಯ್ಯಾಲೆಯ ಮೇಲೆ ಕೂತು "ಅಪ್ಪಾ, ತೂಗು" ಎಂದಳು. ನಾನು ಫೋನಿನಲ್ಲಿ ಬಹಳ ಮುಖ್ಯವಾದ ಸಂಗತಿಯೊಂದನ್ನು ನೋಡುತ್ತಿದ್ದೆ. ಏನೆಂದು ಈಗ ನೆನಪಿಲ್ಲ. "ಒಂದ್ನಿಮಿಷ ಪುಟ್ಟಾ" ಎಂದೆ. ತಲೆಯೆತ್ತಿದಾಗ ಉಯ್ಯಾಲೆ ಖಾಲಿಯಿತ್ತು. ಅದರಾಚೆ ಸಮುದ್ರವಿತ್ತು. ಬಿದ್ದೆನೋ ಎದ್ದೆನೋ ಎಂದು ಗೇಟಿನ ಪಕ್ಕದ ಕಚೇರಿಗೆ ಓಡಿದೆ.

"ಸಾರ್, ನನ್ನ ಮಗಳು ಕಳೆದುಹೋಗಿದಾಳೆ!"

"ಹಾಗೆಲ್ಲ ಅನ್ನಬೇಡಿ ಸ್ವಾಮಿ, ಅನುದಾನದ ಪ್ರಶ್ನೆ," ಎಂದರು ಅಧಿಕಾರಿ, ಟೀ ಲೋಟ ಕೆಳಗಿಟ್ಟು. "ನಿಮ್ಮ ಮಗಳು ಆಗಲೇ ಬಂದು ದೂರು ಕೊಟ್ಟಿದಾಳೆ. ಅಪ್ಪ ಕಳೆದುಹೋಗಿದಾರೆ ಅಂತ. ಈಗ ನೀವು ಸಿಕ್ಕಿದೀರಿ. ಅಭಿನಂದನೆಗಳು."

ಹೋದ ಜೀವ ಬಂದಂತಾಯಿತು. ಆ ಮನುಷ್ಯನ ಕಾಲು ಹಿಡಿದುಕೊಳ್ಳುವಷ್ಟು ಸಂತೋಷವಾಯಿತು. "ಎಲ್ಲಿದಾಳೆ? ಕರ್ಕೊಂಡು ಹೋಗ್ತೀನಿ" ಎಂದೆ.

"ನೀವು ಕರ್ಕೊಂಡು ಹೋಗೋಕೆ ಬರಲ್ಲ. ಸಿಕ್ಕಿದ ಛತ್ರಿ ತಾನೇ ಎದ್ದು ಮನೆಗೆ ಹೋಗುತ್ತಾ? ವಾರಸುದಾರರು ಬಂದು ಗುರುತು ಹೇಳಬೇಕು."

ದೇವರು ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡು ಒಳಗಿನ ಕೋಣೆಗೆ ಹೋದೆ. ಅಲ್ಲಿ ಛತ್ರಿಗಳು, ಒಂಟಿ ಚಪ್ಪಲಿಗಳು, ಮುಚ್ಚಳವಿಲ್ಲದ ನೀರಿನ ಬಾಟಲಿಗಳು ಮತ್ತು ಹಳದಿ ಅಂಗಿಯ ಒಬ್ಬ ತಂದೆ ಇದ್ದರು. ಹೋದ ಭಾನುವಾರ ಅವರ ಮನೆಯವರು ಗುರುತು ತಪ್ಪಿ ಬೇರೊಬ್ಬರನ್ನು ಬಿಡಿಸಿಕೊಂಡು ಹೋಗಿದ್ದರಂತೆ.

"ನೀವು ಸುಮ್ಮನಿದ್ರಾ?" ಎಂದೆ.

"ಏನ್ಮಾಡೋದು ಸಾರ್, ರಿಜಿಸ್ಟರಿಗೆ ಬಂದುಬಿಟ್ಟಿತ್ತು. ಒಳ್ಳೆ ಮನುಷ್ಯ. ನಮ್ಮನೆಗೆ ಚೆನ್ನಾಗಿ ಹೊಂದಿಕೊಂಡಿದಾನಂತೆ," ಎಂದರು. ಅವರ ಫೋನಿನ ಚಾರ್ಜು ಮುಗಿದು ವಾರವಾಗಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಕಿಟಕಿಯ ಗಾಜಿನಾಚೆ ಬರುವ ಹೋಗುವ ಮಕ್ಕಳನ್ನು ನೋಡುತ್ತ ನಿಂತಿದ್ದರು. ನನ್ನ ಫೋನಿನಲ್ಲಿ ಚಾರ್ಜು ಸಾಕಷ್ಟಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ಪ್ರಕಟಣೆ ಮೊಳಗಿತು. "ಸಾರ್ವಜನಿಕರ ಗಮನಕ್ಕೆ. ನೀಲಿ ಅಂಗಿ ಧರಿಸಿದ, ಮಧ್ಯಮ ಗಾತ್ರದ ತಂದೆಯೊಬ್ಬರು ದೊರೆತಿರುತ್ತಾರೆ. ಅಳುತ್ತಿರುವುದಿಲ್ಲ. ಬಿಸ್ಕತ್ತು ನೀಡಲಾಗಿದೆ. ಸಂಬಂಧಪಟ್ಟ ಮಕ್ಕಳು ಕಚೇರಿಯನ್ನು ಸಂಪರ್ಕಿಸತಕ್ಕದ್ದು."

ಮಗಳು ಬಂದಳು. ನಿಯಮದಂತೆ ಅವಳನ್ನು ಕಚೇರಿಯಲ್ಲಿ ನಮಗೆ ಬೆನ್ನು ಮಾಡಿ ಕೂರಿಸಿದರು. ಮಾತು ಕೇಳಿಸುತ್ತಿತ್ತು.

"ನಿಮ್ಮಪ್ಪ ಹೇಗಿದಾರೆ ಪುಟ್ಟಿ?"

"ಕೈಯಲ್ಲಿ ಫೋನ್ ಇರುತ್ತೆ."

ಅಧಿಕಾರಿ ಇಣುಕಿ ನೋಡಿದರು. ಇಬ್ಬರ ಕೈಯಲ್ಲೂ ಇತ್ತು. "ಮುಖ ಹೇಗಿದೆ?"

ಅವಳು ಯೋಚಿಸಿದಳು. "ಅಷ್ಟು ಗೊತ್ತಿಲ್ಲ. ಯಾವಾಗ್ಲೂ ಬಗ್ಗಿರ್ತಾರೆ. ನೆತ್ತಿ ಗೊತ್ತು. ನಡುವೆ ದುಂಡಗೆ ಕೂದಲಿಲ್ಲ."

"ನನಗೆ ಬಕ್ಕತಲೆ ಇಲ್ಲ!" ಎಂದು ನಾನು ಒಳಗಿನಿಂದಲೇ ಕೂಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಯಿಂದ ನೆತ್ತಿ ಸವರಿ ನೋಡಿಕೊಳ್ಳುವಷ್ಟರಲ್ಲಿ ಅಧಿಕಾರಿ ಬರೆದುಕೊಂಡಿದ್ದರು: 'ನೀಲಿ ಅಂಗಿಯವರು ಗುರುತನ್ನು ಸ್ವತಃ ನಿರಾಕರಿಸಿರುತ್ತಾರೆ.' ಹಳದಿ ಅಂಗಿಯವರು ತಲೆ ಬಗ್ಗಿಸಿ ತೋರಿಸಿದರು. ದುಂಡಗೆ ಇತ್ತು.

"ಅನ್ಯಾಯ ಸಾರ್! ನಾನೇ ಅವಳಪ್ಪ!"

"ಅನ್ಯಾಯ ನಮ್ಮಲ್ಲಿಲ್ಲ. ಇನ್ನೊಂದು ಅವಕಾಶವಿದೆ," ಎಂದರು ಅಧಿಕಾರಿ. "ಮಗುವಿನ ಯಾವ ಹಲ್ಲು ಬಿದ್ದಿದೆ ಹೇಳಿ."

"ಹಲ್ಲು ಬಿದ್ದಿದೆಯಾ?" ಎಂದೆ.

"ಮೇಲಿನ ಸಾಲು, ಎಡಗಡೇದು," ಎಂದರು ಹಳದಿ ಅಂಗಿಯವರು ಮೆಲ್ಲಗೆ. "ಬರುವಾಗ ಕಿಟಕಿಯಲ್ಲಿ ನನ್ನ ನೋಡಿ ನಕ್ಕಳು ಸಾರ್."

ಅಲ್ಲಿಗೆ ತೀರ್ಮಾನವಾಯಿತು. ಮಗಳನ್ನು ಅವರ ಜೊತೆ ಪರೀಕ್ಷಾರ್ಥವಾಗಿ ಉಯ್ಯಾಲೆಗೆ ಕಳಿಸಲಾಯಿತು. ಅವರು ತೂಗಿದರು. ಅವಳು ನಗುತ್ತಿದ್ದುದು ಕೋಣೆಯವರೆಗೂ ಕೇಳಿಸಿತು. ಅವಳಿಗೆ ಅಷ್ಟು ಗಟ್ಟಿಯಾಗಿ ನಗಲು ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ನನ್ನಾಕೆ ಚಿಕ್ಕವನನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಅಧಿಕಾರಿ ಎಲ್ಲವನ್ನೂ ವಿವರಿಸಿದರು. ಅವಳು ನನ್ನನ್ನು ನೋಡಿದಳು, ಉಯ್ಯಾಲೆಯತ್ತ ನೋಡಿದಳು.

"ಬದಲಾಯಿಸೋಕೆ ಬರಲ್ವಾ?" ಎಂದಳು.

"ಬರುತ್ತಮ್ಮಾ. ಮಂಡಳಿ ಸಭೆ ಸೇರಬೇಕು. ಸದಸ್ಯರು ಜಾರುಬಂಡೆಗಳ ಅಧ್ಯಯನಕ್ಕೆ ವಿದೇಶಕ್ಕೆ ಹೋಗಿದಾರೆ."

"ಯಾವಾಗ ಬರ್ತಾರೆ?"

"ಅಧ್ಯಯನ ಆಳವಾದದ್ದು."

ನನ್ನಾಕೆ ನಿಟ್ಟುಸಿರು ಬಿಟ್ಟಳು. "ರೀ, ಬಸ್ಸು ಹೊರಡೋ ಹೊತ್ತಾಯ್ತು. ಮಕ್ಕಳು ಹಸಿದಿವೆ. ನೀವೂ ಯಾವುದಾದ್ರೂ ಒಳ್ಳೆ ಮನೆ ಸಿಕ್ಕಿದ್ರೆ ನೋಡ್ಕೊಳ್ಳಿ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕೊನೆಗೆ ಒಂದು ಅಡಚಣೆ ಬಂತು. ತಂದೆಯನ್ನು ಒಪ್ಪಿಸಲು ಸಾಕ್ಷಿಯ ಸಹಿ ಬೇಕು, ಭಾನುವಾರ ಸಾಕ್ಷಿಗಳು ಸಿಗುವುದಿಲ್ಲ. ಸಹಿ ಇಲ್ಲದಿದ್ದರೆ ಮಗು ತಂದೆಯಿಲ್ಲದೆ ಮನೆಗೆ ಹೋಗಬೇಕಾಗುತ್ತದೆ ಎಂದರು ಅಧಿಕಾರಿ. ಮಗಳು ಹಳದಿ ಅಂಗಿಯ ತುದಿ ಹಿಡಿದುಕೊಂಡು ಅಳುಮುಖ ಮಾಡಿದಳು. ನನ್ನ ಕರುಳು ಚುರುಕ್ಕೆಂದಿತು. ಎಷ್ಟೆಂದರೂ ಹೆತ್ತ ತಂದೆ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

"ಅಂಕಲ್‌ಗೆ ಥ್ಯಾಂಕ್ಸ್ ಹೇಳು ಪುಟ್ಟಿ," ಎಂದಳು ನನ್ನಾಕೆ.

"ಥ್ಯಾಂಕ್ಸ್ ಅಂಕಲ್," ಎಂದಳು ಮಗಳು.

"ಮಗೂನ ಎಷ್ಟು ಚೆನ್ನಾಗಿ ಬೆಳೆಸಿದಾರೆ ನೋಡಿ," ಎಂದು ಅಧಿಕಾರಿ ನನ್ನ ಕಡೆ ತಿರುಗಿ ಮೆಚ್ಚಿಕೊಂಡರು. ನಾನೂ ಹೌದೆಂದೆ.