ಸೇಫ್ಟಿ ಸಾಹೇಬರ ಮಗಳ ಕಾಲು

"ನಮ್ಮ ಮನೇಲಿ ಮಗೂಗೆ ಒಂದು ಗೀರು? ಸಾಧ್ಯವೇ ಇಲ್ಲ! ನಾನಿರೋವರೆಗೂ ಇಲ್ಲ!"

ಮಗಳಿಗೆ ಎರಡು ತುಂಬಿದ ದಿನ ಸೇಫ್ಟಿ ಸಾಹೇಬರು ಎದೆ ತಟ್ಟಿಕೊಂಡು ಹೀಗೆಂದು ಘೋಷಿಸಿದರು. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಅವರು ಸುರಕ್ಷತಾ ಅಧಿಕಾರಿ. ಅಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಮೊಳೆಯೂ ನೆಲಕ್ಕೆ ಬೀಳುವಂತಿರಲಿಲ್ಲ. ಈಗ ಅದೇ ಕಣ್ಣು ಮನೆಯ ಮೇಲೆ ಬಿತ್ತು ನೋಡಿ! ಮೇಜಿನ ಮೂಲೆಗಳಿಗೆ ಸ್ಪಂಜು ಬಂತು, ಬಚ್ಚಲಿಗೆ ರಬ್ಬರ್ ಚಾಪೆ ಬಂತು, ಕಂಡಕಂಡ ಕಪಾಟಿಗೆಲ್ಲ ಚಿಲಕ ಬಂತು. ಫ್ರಿಜ್ಜಿಗೆ ಹಾಕಿದ ಚಿಲಕವನ್ನು ತೆಗೆಯುವ ವಿದ್ಯೆ ಮಾತ್ರ ಮಗಳು ಚೂಟಿಯೊಬ್ಬಳಿಗೇ ಒಲಿದಿತ್ತು. ಸಾಹೇಬರಿಗೆ ತಣ್ಣೀರು ಬೇಕಾದರೆ ಅವಳನ್ನೇ ಕರೆಯಬೇಕಾಗಿತ್ತು.

"ಮನೇಲಿ ಇನ್ನು ಸ್ಪಂಜು ಕಟ್ಟದೆ ಉಳಿದಿರೋದು ನೀವೊಬ್ರೇ," ಎಂದಳು ಹೆಂಡತಿ. ಅವಳು ಶಾಲಾ ವ್ಯಾನಿನ ಡ್ರೈವರು. ದಿನಕ್ಕೆ ನಲವತ್ತು ಮಕ್ಕಳನ್ನು ಹತ್ತಿಸಿ ಇಳಿಸುವವಳಿಗೆ ಗೀರಿನ ಭಯ ಎಂದೋ ಹೋಗಿತ್ತು.

"ನಗು, ನಗು. ಸುರಕ್ಷತೆ ಅಂದ್ರೆ ನಗೋ ವಿಷಯ ಅಲ್ಲ!"

ಭಾನುವಾರ ಮೂವರೂ ಪಾರ್ಕಿಗೆ ಹೋದರು. ಚೂಟಿ ಜಾರುಬಂಡೆಯನ್ನು ಕಂಡದ್ದೇ ತಡ, "ನಾನೇ! ನಾನೇ!" ಎಂದು ಮೆಟ್ಟಿಲು ಹತ್ತತೊಡಗಿದಳು. ಸಾಹೇಬರ ಜೀವ ಬಾಯಿಗೆ ಬಂತು.

"ಒಬ್ಳೇ ಜಾರ್ತಾಳೆ ಬಿಡಿ. ಅವಳಷ್ಟೇ ಎತ್ತರ ಇದೆ ಅದು," ಎಂದಳು ಹೆಂಡತಿ.

"ಒಬ್ಳೇನಾ? ನನ್ನಂಥ ಅಧಿಕಾರಿ ಬದುಕಿರೋವಾಗ?" ಎಂದವರೇ ತಾವೂ ಹತ್ತಿದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಯಲ್ಲಿ ಭದ್ರವಾಗಿ ಬಳಸಿ, ಜಗತ್ತಿನ ಎಲ್ಲ ಅಪ್ಪಂದಿರಿಗೂ ಪಾಠ ಹೇಳುವ ಗತ್ತಿನಲ್ಲಿ ಸರ್ರನೆ ಜಾರಿದರು. ಅರ್ಧ ದಾರಿಯಲ್ಲಿ ಚೂಟಿಯ ರಬ್ಬರ್ ಬೂಟು ಅಂಚಿಗೆ ಸಿಕ್ಕಿಕೊಂಡಿತು. ಬೂಟು ಅಲ್ಲೇ ನಿಂತಿತು, ಸಾಹೇಬರು ನಿಲ್ಲಲಿಲ್ಲ. ಮಗು ಕಿಟಾರನೆ ಕಿರುಚಿಕೊಂಡಿತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಕೆಳಗೆ, ಉದ್ದನೆಯ ಮೂಳೆಯಲ್ಲಿ, ಕೂದಲೆಳೆಯಷ್ಟು ಬಿರುಕು.

"ಯಾರ ತೊಡೆ ಮೇಲೆ ಕೂತು ಜಾರಿದ್ದು?" ಎಂದು ಅವರು ಕೇಳಿದರು.

ಸಾಹೇಬರಿಗೆ ಬೆವರು ಕಿತ್ತುಬಂತು. "ಅದು... ನಿಮಗೆ ಹೇಗೆ ಗೊತ್ತಾಯ್ತು?"

"ವಾರಕ್ಕೆ ಇಬ್ರು ಬರ್ತಾರೆ ಸರ್, ಹೀಗೇ. ಒಬ್ಳೇ ಜಾರಿದ್ರೆ ಕಾಲು ಸಿಕ್ಕಿದ ಕಡೆ ಮಗೂನೇ ನಿಲ್ತಿತ್ತು. ದೊಡ್ಡವ್ರ ಭಾರ ನಿಲ್ಲಲ್ಲ ನೋಡಿ. ಹೆದರ್ಬೇಡಿ. ಮಕ್ಕಳ ಮೂಳೆ ಬೇಗ ಕೂಡುತ್ತೆ. ನಾಲ್ಕು ವಾರ ಪ್ಲಾಸ್ಟರ್ ಪಟ್ಟಿ. ನೀರು ತಾಗಿಸ್ಬೇಡಿ, ತುರಿಕೆ ಅಂತ ಒಳಗೆ ಕಡ್ಡಿ ಹಾಕ್ಬೇಡಿ."

ಮನೆಗೆ ಬಂದವರೇ ಸಾಹೇಬರು ಕಾರ್ಖಾನೆಯ ಅಭ್ಯಾಸದಂತೆ ಅಪಘಾತ ವರದಿಯ ನಮೂನೆಯೊಂದನ್ನು ತುಂಬಲು ಕೂತರು. 'ಕಾರಣ' ಎಂಬಲ್ಲಿ 'ಜಾರುಬಂಡೆಯ ದೋಷಪೂರಿತ ಅಂಚು' ಎಂದು ಬರೆದು, ಕೆಳಗೆ 'ಬೂಟಿನ ಅತಿಯಾದ ಹಿಡಿತ' ಎಂದೂ ಸೇರಿಸಿದರು.

ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು. "ನಿಮ್ಮ ಎಂಬತ್ತನಾಲ್ಕು ಕಿಲೋ ಯಾವ ಕಾಲಮ್ಮಿಗೆ ಬರುತ್ತೆ?"

ಸಾಹೇಬರು ಕಾಗದ ಮಡಚಿಟ್ಟು ಬಚ್ಚಲಿಗೆ ಹೋದರು, ನಲ್ಲಿ ಬಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತರು. ಹೊರಗೆ ಬಂದಾಗ ಚೂಟಿ ಹಳದಿ ಪಟ್ಟಿಯ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬಿಸ್ಕತ್ತು ಕಡಿಯುತ್ತಿದ್ದಳು. ಅಪ್ಪನನ್ನು ನೋಡಿ ಅರ್ಧ ಬಿಸ್ಕತ್ತು ಚಾಚಿದಳು. ಅವರಿಗೆ ಮತ್ತೆ ಅಳು ಬಂತು.

ಆ ಕ್ಷಣದಿಂದ ಸಾಹೇಬರು ಮಗಳನ್ನು ನೆಲಕ್ಕೆ ಬಿಡಲಿಲ್ಲ. "ಅಪ್ಪಾ, ಕಿಟಕಿ!" ಅಂದರೆ ಕಿಟಕಿಗೆ, "ಅಪ್ಪಾ, ಬೆಕ್ಕು!" ಅಂದರೆ ಬೆಕ್ಕಿನ ಹಿಂದೆ ಇಡೀ ಬೀದಿಗೆ. ಎರಡನೆಯ ವಾರಕ್ಕೇ ಚೂಟಿಗೆ ನೋವು ಮರೆತುಹೋಗಿತ್ತು. ಒಂದು ಬೆರಳು ಚಾಚಿದರೆ ಅಪ್ಪ ಆ ದಿಕ್ಕಿಗೆ ಹೊರಡುತ್ತಾನೆ ಎಂಬುದು ಮಾತ್ರ ಚೆನ್ನಾಗಿ ನೆನಪಿನಲ್ಲಿ ಉಳಿಯಿತು.

ನಾಲ್ಕು ವಾರ ಕಳೆದು ಪಟ್ಟಿ ಬಿಚ್ಚಿದರು. ಒಳಗಿನಿಂದ ಬಡಕಲು ಕಾಲೊಂದು ಹೊರಬಂತು. ಹೊಸ ಎಕ್ಸ್‌ರೇ ನೋಡಿ ಡಾಕ್ಟರಮ್ಮ ನಕ್ಕರು. "ಮೂಳೆ ಚೆನ್ನಾಗಿ ಕೂಡಿದೆ. ಸ್ವಲ್ಪ ದಿನ ತೆವಳ್ಬಹುದು, ಕುಂಟ್ಬಹುದು, ಗಾಬರಿ ಬೇಡ. ನಡಿ ಅಂತ ಬಲವಂತ ಮಾಡ್ಬೇಡಿ. ಹಾಗಂತ ಎತ್ಕೊಂಡೇ ಇರ್ಬೇಡಿ, ನೆಲಕ್ಕೆ ಬಿಡಿ."

ಬಲವಂತ ಬೇಡ ಎಂಬಷ್ಟು ಸಾಹೇಬರ ಕಿವಿಗೆ ಬಿತ್ತು. ಮುಂದಿನದು ಬೀಳಲೇ ಇಲ್ಲ.

ಒಂದು ದಿನವಾಯಿತು, ಐದಾಯಿತು, ಹತ್ತಾಯಿತು. ಚೂಟಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸಾಹೇಬರಿಗೆ ಊಟ ಸೇರದಾಯಿತು. ಕಾರ್ಖಾನೆಯಲ್ಲಿ ಯಾರಾದರೂ ಟಕಟಕ ನಡೆದುಹೋದರೆ ಸಾಕು, ಅವರ ಕಾಲನ್ನೇ ನೋಡುತ್ತ ನಿಂತುಬಿಡುತ್ತಿದ್ದರು.

"ಇನ್ನು ನಡೆಯೋದೇ ಇಲ್ವೇನೋ ಕಣೇ. ನನ್ನ ಕೈಯಾರೆ ನಾನೇ..." ಎನ್ನುತ್ತ ತೋಳಲ್ಲಿದ್ದ ಮಗಳ ಕಾಲು ಸವರಿದರು.

"ನಡೀತಾಳೆ ರೀ. ಒಂದ್ಸಲ ಕೆಳಗೆ ಬಿಟ್ಟು ನೋಡಿ."

"ಬಿದ್ರೆ?"

"ಬಿದ್ರೆ ಏಳ್ತಾಳೆ."

"ಇಲ್ಲಪ್ಪ! ನನ್ನಿಂದಾಗಲ್ಲ!" ಎಂದು ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

ಹನ್ನೊಂದನೆಯ ದಿನ ಸಂಜೆ ಮನೆಯ ಏಳನೆಯ ಪ್ರದಕ್ಷಿಣೆ ಮುಗಿಸಿ, ಚೂಟಿಯನ್ನು ಸೋಫಾದ ಮೇಲೆ ಕೂರಿಸಿ, ಸಾಹೇಬರು ನೆಟ್ಟಗಾಗಲು ಹೋದರು. ಸೊಂಟದಲ್ಲಿ ಕಳಕ್ ಎಂದಿತು! "ಅಯ್ಯಯ್ಯಪ್ಪೋ!" ಎನ್ನುತ್ತ ಮಂಡಿಯೂರಿ, ಮೆಲ್ಲಗೆ ಮಗ್ಗುಲಾಗಿ, ಕೊನೆಗೆ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು.

"ಅಪ್ಪಾ, ಎತ್ಕೋ," ಎಂದಳು ಚೂಟಿ.

"ಆಗಲ್ಲ ಕಂದಾ."

"ಎತ್ಕೋ!"

"ಪ್ರಾಣ ಹೋಗ್ತಿದೆ ಚಿನ್ನಾ, ಅಲ್ಲಾಡೋಕೇ ಆಗ್ತಿಲ್ಲ."

ಚೂಟಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇದು ಆಗುವ ಹೋಗುವ ಮಾತಲ್ಲ ಎಂದು ಅವಳಿಗೂ ಖಚಿತವಾಯಿತು. ಹೊಟ್ಟೆಯ ಮೇಲೆ ಹೊರಳಿ ಸೋಫಾದಿಂದ ಜಾರಿ ಇಳಿದಳು. ಅಂಚು ಹಿಡಿದು ನಿಂತಳು, ಆಮೇಲೆ ಕೈಬಿಟ್ಟಳು. ಒಂದು ಹೆಜ್ಜೆ, ಒಂದು ಕುಂಟು, ಇನ್ನೊಂದು ಹೆಜ್ಜೆ! ಅಪ್ಪನ ತಲೆಯನ್ನು ಬಳಸಿಕೊಂಡು ನೇರವಾಗಿ ಅಡುಗೆಮನೆಯ ಬಾಗಿಲಿನವರೆಗೆ ನಡೆದೇಬಿಟ್ಟಳು.

"ನಡೀತಿದಾಳೆ! ಬಾರೇ, ಓಡಿ ಬಾರೇ! ನಮ್ಮ ಚೂಟಿ ನಡೀತಿದಾಳೆ!"

ಒದ್ದೆ ಕೈಯಲ್ಲೇ ಓಡಿಬಂದ ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡು ಮುದ್ದಿಟ್ಟಳು. ಅವಳ ಕಣ್ಣೂ ತುಂಬಿತ್ತು. ಸಾಹೇಬರಂತೂ ಮಲಗಿದಲ್ಲಿಂದಲೇ ಅಳುತ್ತಿದ್ದರು, ನಗುತ್ತಿದ್ದರು, ನಗುವಾಗ ಸೊಂಟ ಹಿಡಿದು ಮತ್ತೆ ಅಯ್ಯೋ ಎನ್ನುತ್ತಿದ್ದರು.

"ಅಂತೂ ಸರಿಹೋಯ್ತು ಕಣೇ! ಹನ್ನೊಂದು ದಿನಕ್ಕೆ ಕಾಲು ಸರಿಹೋಯ್ತು!"

ಹೆಂಡತಿ ಮಗಳನ್ನೊಮ್ಮೆ, ಅಂಗಾತ ಬಿದ್ದ ಗಂಡನನ್ನೊಮ್ಮೆ ನೋಡಿದಳು.

"ಕಾಲು ಎಂದೋ ಸರಿಹೋಗಿತ್ತು ರೀ. ಗಾಡಿ ಕೆಟ್ಟಿದ್ದು ಇವತ್ತು!"