ಗುಮಾನಿ ಸಾಹೇಬರ ಇಪ್ಪತ್ತು ಕೆ.ಜಿ.

"ಇನ್ನು ಮೂರೇ ತಿಂಗಳು! ಇಪ್ಪತ್ತು ಕೆ.ಜಿ. ಬಟ್ಟನ್ನ ಹೂಬುಟ್ಟಿ ಎತ್ತಿದ ಹಾಗೆ ಎತ್ತಿ ತಕ್ಕಡಿ ಮೇಲೆ ಇಡ್ತೀನಿ. ಯಾರ ಸಹಾಯನೂ ಇಲ್ಲದೆ! ಬರೆದಿಟ್ಕೊ!"

ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಇನ್ಸ್‌ಪೆಕ್ಟರು ಹೀಗೆ ಘೋಷಿಸಿದಾಗ, ಎದುರಿಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. ಆಕೆ ಶಾಲೆಯಲ್ಲಿ ವಿಜ್ಞಾನದ ಟೀಚರು. "ಬರ್ಕೊಂಡೆ," ಎಂದು ಕೆಂಪು ಶಾಯಿಯಲ್ಲಿ ಯಾರಿಗೋ ಒಂದು ಸೊನ್ನೆ ಸುತ್ತಿದರು. ಆ ಸೊನ್ನೆ ಮಗುವಿಗೋ ತನಗೋ ಎಂದು ಇನ್ಸ್‌ಪೆಕ್ಟರಿಗೆ ಕೂಡಲೇ ಅನುಮಾನ ಬಂತು.

ಅವರಿಗೆ ಅನುಮಾನ ಬರುವುದಕ್ಕೆ ಕಾರಣ ಬೇಕಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವರು. ಹಾಲಿನವನ ಲೀಟರಿನ ಮೇಲೆ ಅನುಮಾನ, ದರ್ಜಿಯ ಟೇಪಿನ ಮೇಲೆ ಅನುಮಾನ. ಮನೆಯ ಕನ್ನಡಿ ತನ್ನ ಎದೆಯನ್ನು ಎರಡಿಂಚು ಕಡಿಮೆ ತೋರಿಸುತ್ತಿದೆ, ಹೊಟ್ಟೆಯನ್ನು ಎರಡಿಂಚು ಹೆಚ್ಚು ತೋರಿಸುತ್ತಿದೆ ಎಂದು ಕನ್ನಡಿಯ ಮೇಲೂ ಅನುಮಾನ! ಮಾರುಕಟ್ಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ 'ಸಾಹೇಬ್ರು', ಬೆನ್ನ ಹಿಂದೆ 'ಗುಮಾನಿ ಸಾಹೇಬ್ರು'.

ಇಂಥವರಿಗೆ ಹಿಂದಿನ ದಿನ ಆಗಿದ್ದು ಸಣ್ಣ ಅವಮಾನವಲ್ಲ. ಅಂಗಡಿಗಳ ದೊಡ್ಡ ತಕ್ಕಡಿಗಳನ್ನು ಪರೀಕ್ಷಿಸಲು ಇಲಾಖೆಯ ಜೀಪಿನಲ್ಲಿ ಇಪ್ಪತ್ತು ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟು ಇರುತ್ತದೆ. ಅದನ್ನು ತಕ್ಕಡಿಯ ಮೇಲಿಟ್ಟಾಗ ಮುಳ್ಳು ಇಪ್ಪತ್ತು ತೋರಿಸಿದರೆ ಅಂಗಡಿಯವನು ಬಚಾವು, ಇಲ್ಲವಾದರೆ ಕೇಸು. ಇಷ್ಟು ವರ್ಷ ಬಟ್ಟು ಎತ್ತಿಡುತ್ತಿದ್ದವನು ಎತ್ತಿನಂಥ ಡ್ರೈವರು. ಅವನಿಗೆ ವರ್ಗವಾಯಿತು. ಹೊಸ ಡ್ರೈವರಿಗೆ ಸೊಂಟನೋವು, ಡಾಕ್ಟರ ಸರ್ಟಿಫಿಕೇಟು ಬೇರೆ. ಬೇಳೆ ಸಾಹುಕಾರನ ಅಂಗಡಿಯಲ್ಲಿ ಸಾಹೇಬರೇ ಬಗ್ಗಿದರು. ಬಟ್ಟು ಏಳಲಿಲ್ಲ. ಸಾಹೇಬರೂ ಏಳಲಿಲ್ಲ! ಕೊನೆಗೆ ಸಾಹುಕಾರನೇ ಒಂದು ಕೈಯಲ್ಲಿ ಬಟ್ಟು ಎತ್ತಿ ಇಟ್ಟು, ಇನ್ನೊಂದು ಕೈಯಲ್ಲಿ ಸಾಹೇಬರನ್ನು ಎತ್ತಿ ನಿಲ್ಲಿಸಿ, "ಇರ್ಲಿ ಸಾಹೇಬ್ರೇ, ತೂಕ ನಿಮ್ದು, ಕೈ ನಮ್ದು," ಅಂದ. ಸುತ್ತ ನಿಂತವರು ಕಿಸಕ್ಕನೆ ನಕ್ಕರು.

ಪರೀಕ್ಷೆ ಮಾಡುವವನು ಪರೀಕ್ಷೆಗೆ ಕೂತವನ ಕೈಯಲ್ಲಿ ಬಟ್ಟು ಇಡಿಸಿಕೊಂಡರೆ ಆ ಪರೀಕ್ಷೆಯನ್ನು ನಂಬುವವರು ಯಾರು? ಕೈಚಳಕದಲ್ಲಿ ಹೆಬ್ಬೆರಳು ತಕ್ಕಡಿಗೆ ತಾಗಿಸಿದ್ದರೆ? ಇಪ್ಪತ್ತೆರಡು ವರ್ಷದ ಮರ್ಯಾದೆ ಒಂದು ಹೆಬ್ಬೆರಳಿನಲ್ಲಿ ತೂಗಾಡುತ್ತಿತ್ತು. ಮುಂದಿನ ತಪಾಸಣೆಗೆ ಮೂರು ತಿಂಗಳಿತ್ತು. ಅಷ್ಟರೊಳಗೆ ತೋಳಿನಲ್ಲಿ ಬಲ ಬರಬೇಕು!

ಸಾಹೇಬರು ಪಕ್ಕದ ರಸ್ತೆಯ ಜಿಮ್ಮಿಗೆ ಹೋದರು. ಅದನ್ನು ನಡೆಸುತ್ತಿದ್ದವರು ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದ ಗಟ್ಟಿಗಿತ್ತಿ. ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು.

"ಮೊದ್ಲು ಹಗುರ ತೂಕ ಸಾರ್. ಬೆನ್ನು ನೆಟ್ಟಗಿರ್ಬೇಕು, ಮಂಡಿ ಬಗ್ಗಿಸ್ಬೇಕು. ವಾರಕ್ಕೆ ಮೂರು ದಿನ ಸಾಕು, ಉಳಿದ ದಿನ ವಿಶ್ರಾಂತಿ. ಮೊಟ್ಟೆ, ಕಾಳು, ಮೊಸರು, ತರಕಾರಿ ಚೆನ್ನಾಗಿ ತಿನ್ನಿ. ಚೆನ್ನಾಗಿ ನಿದ್ದೆ ಮಾಡಿ."

ವಿಶ್ರಾಂತಿಯೂ ವ್ಯಾಯಾಮವಂತೆ! ಕೆಲಸ ಮಾಡದೆ ಹಾಜರಿ ಹಾಕುವವರು ಆಡುವ ಮಾತು ಇದು ಎಂದು ಸಾಹೇಬರಿಗೆ ಮೊದಲ ಗುಮಾನಿ ಮೂಡಿತು. ಐದು ಕೆ.ಜಿ.ಯ ಡಂಬೆಲ್ ಕೈಗೆ ಬಂದಾಗ ಎರಡನೆಯದು. ಮೂರು ಸಲ ಎತ್ತುವಷ್ಟರಲ್ಲಿ ತೋಳು ಅವರೆಕಾಯಿಯ ಸಿಪ್ಪೆಯಂತೆ ಜೋತುಬಿತ್ತು.

"ಇದು ಐದು ಕೆ.ಜಿ. ಅಲ್ಲ. ಏಳಿದೆ!"

"ಸಾರ್, ಹತ್ತು ವರ್ಷದಿಂದ ಜಿಮ್ ನಡೆಸ್ತಿದೀನಿ. ಬಂದವರು ನನ್ನ ಮೇಲೆ ಅನುಮಾನ ಪಟ್ಟಿದಾರೆ, ಕನ್ನಡಿ ಮೇಲೆ ಪಟ್ಟಿದಾರೆ. ಡಂಬೆಲ್ ಮೇಲೆ ಪಟ್ಟವರು ನೀವೇ ಮೊದಲು."

ಮಾರನೇ ದಿನ ಸಾಹೇಬರು ಇಲಾಖೆಯ ತಕ್ಕಡಿಯೊಂದಿಗೇ ಜಿಮ್ಮಿಗೆ ಬಂದರು! ಡಂಬೆಲ್ ತೂಗಿದರು. ನಾಲ್ಕು ಕಿಲೋ ಒಂಬೈನೂರ ಎಂಬತ್ತೆಂಟು ಗ್ರಾಂ.

"ನೋಡಿ! ಹನ್ನೆರಡು ಗ್ರಾಂ ಕಡಿಮೆ! ನೋಟಿಸ್ ಕೊಡಬಹುದು, ಗೊತ್ತಾ?"

"ಕೊಡಿ ಸಾರ್. ಆದರೆ ಮೊದಲು ಅದನ್ನ ಎತ್ತಿ, ಆಮೇಲೆ ಜಪ್ತಿ ಮಾಡಿ," ಎಂದು ಕೋಚಮ್ಮ ಬಾಗಿಲು ತೋರಿಸಿದರು.

ಹೊರಗಿನವರನ್ನು ನಂಬುವುದು ತನ್ನ ಜಾಯಮಾನವೇ ಅಲ್ಲ ಎಂದುಕೊಂಡ ಸಾಹೇಬರು ಮನೆಯಲ್ಲೇ ಸ್ವಂತ ತೂಕ ತಯಾರಿಸಲು ನಿರ್ಧರಿಸಿದರು. ಎದುರುಮನೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಧೂಳು ಏಳದಿರಲೆಂದು ಮೇಸ್ತ್ರಿ ಮರಳಿಗೆ ದಿನವೂ ಧಾರಾಳವಾಗಿ ನೀರು ಸುರಿಯುತ್ತಿದ್ದ. ಅವನನ್ನು ಕೇಳಿ ಎರಡು ಬಕೆಟ್ ಮರಳು ತಂದು, ದಪ್ಪ ಬಟ್ಟೆಯ ಎರಡು ಚೀಲಗಳಿಗೆ ತುಂಬಿ, ಗ್ರಾಂ ಲೆಕ್ಕದಲ್ಲಿ ಹತ್ತು ಹತ್ತು ಕೆ.ಜಿ. ತೂಗಿ, ಬಾಯಿ ಹೊಲಿದು, ದಾರಕ್ಕೆ ಸೀಸದ ಮುದ್ರೆ ಒತ್ತಿದರು. ಅಷ್ಟಕ್ಕೇ ಬಿಟ್ಟರೇ? ಮಹಜರು ಬರೆದರು! 'ಸಾಕ್ಷಿಯ ಸಮಕ್ಷಮದಲ್ಲಿ ತಲಾ ಹತ್ತು ಕೆ.ಜಿ. ತೂಗಿ ಮುದ್ರೆ ಹಾಕಲಾಯಿತು.' ಸಾಕ್ಷಿಯ ಜಾಗದಲ್ಲಿ ಹೆಂಡತಿ ಸಹಿ ಹಾಕಬೇಕಾಯಿತು.

"ಮರಳಿಗೆ ಮರುಳಾದವರನ್ನ ಇವತ್ತೇ ನೋಡಿದ್ದು," ಎಂದರು ಹೆಂಡತಿ. ಅರ್ಧ ಗಂಟೆ ಬಿಟ್ಟು ಕೂಗಿದರು. "ರೀ, ನಿಮ್ಮ ಚೀಲ ಬೆವರ್ತಾ ಇದೆ. ನೆಲ ಎಲ್ಲ ಒದ್ದೆ."

"ಬೆವರ್ಲಿ ಬಿಡೇ! ನಾನೊಬ್ಬನೇ ಬೆವರ್ಬೇಕಾ?"

ಟೀಚರು ಒಂದು ಕ್ಷಣ ಚೀಲವನ್ನೂ ಒಂದು ಕ್ಷಣ ಗಂಡನನ್ನೂ ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

ಇನ್ನು ಊಟದ ವಿಷಯ. ಅಡುಗೆಮನೆಗೆ ಒಂದು ತಕ್ಕಡಿ ಬಂತು. ಬೇಯಿಸಿದ ಕಾಳು ನೂರೈವತ್ತು ಗ್ರಾಂ, ಮೊಸರು ಇನ್ನೂರು ಗ್ರಾಂ, ಸೊಪ್ಪು ನೀರು ಹಿಂಡಿದ ಮೇಲೆ ನೂರು. ಮೊಟ್ಟೆಗಳನ್ನು ಒಂದೊಂದಾಗಿ ತೂಗಿ ಮೇಲೆ ಪೆನ್ಸಿಲ್ಲಿನಿಂದ ಬರೆದಿಟ್ಟರು. ಒಂದು ದಿನ ಒಂದು ಮೊಟ್ಟೆ ನಲವತ್ತೊಂದೇ ಗ್ರಾಂ ತೂಗಿತು.

"ಮೋಸ! ಎಲ್ಲ ಐವತ್ತಿದೆ, ಇದೊಂದು ನಲವತ್ತೊಂದು!"

"ಹಾಗಾದ್ರೆ ಕೋಳಿ ಮೇಲೆ ಕೇಸ್ ಹಾಕಿ."

"ಪಲ್ಯಕ್ಕೆ ಎಣ್ಣೆ ಎಷ್ಟು ಹಾಕಿದೆ?"

"ಒಂದು ಚಮಚ."

"ಚಮಚ ಅಂದ್ರೆ ಎಷ್ಟು ಮಿ.ಲೀ.?"

"ಚಮಚ ಅಂದ್ರೆ, ಇನ್ನೊಂದು ಪ್ರಶ್ನೆ ಕೇಳಿದ್ರೆ ನಾಳೆಯಿಂದ ಅಡುಗೆ ನಿಮ್ದೇ ಅಂತ!"

ಅನುಮಾನ ಒಂದೇ ಕಡೆಯಿಂದ ಹರಿಯುತ್ತಿರಲಿಲ್ಲ. ಗಂಡ ಇಷ್ಟು ಸೊಪ್ಪು ತಿಂದೂ ಮುಖ ಸಿಂಡರಿಸದೇ ಇದ್ದಾರೆಂದರೆ ಆಫೀಸಿನಲ್ಲಿ ಏನೋ ನಡೆಯುತ್ತಿದೆ ಎಂದು ಹೆಂಡತಿ ಅವರ ಆಫೀಸ್ ಬ್ಯಾಗ್ ಜಾಲಾಡಿದರು. ಫೈಲುಗಳ ನಡುವೆ ಅರ್ಧ ಪೊಟ್ಟಣ ಬಿಸ್ಕತ್ತು ಸಿಕ್ಕಿತು. "ಇದು ಸಾಕ್ಷ್ಯ," ಎಂದು ತಾವೇ ತಿಂದರು.

ಆದರೆ ವ್ಯಾಯಾಮ! ಅದೊಂದು ಪವಾಡದಂತೆ ಸಾಗಿತ್ತು. ಮೊದಲ ವಾರ ಒಂದು ಚೀಲ ಎತ್ತುವಾಗ ಸಾಹೇಬರ ಬಾಯಿಂದ ಸಮಸ್ತ ಸ್ವರಗಳೂ ಅನುಸ್ವಾರ ವಿಸರ್ಗಗಳೊಂದಿಗೆ ಹೊರಬಂದವು. ಮೂರನೇ ವಾರ ಚೀಲ ಸ್ವಲ್ಪ ಹಗುರ ಅನಿಸಿತು. ಆರನೇ ವಾರ ಇನ್ನೂ ಹಗುರ. ಹತ್ತನೇ ವಾರ ಎರಡು ಚೀಲಗಳನ್ನು ಒಟ್ಟಿಗೆ ಕಟ್ಟಿ ಎತ್ತಿದರು, ಎದ್ದವು! ಇಪ್ಪತ್ತು ಕೆ.ಜಿ.! ಇಡೀ ಜಗತ್ತನ್ನು ಅನುಮಾನಿಸುವ ಸಾಹೇಬರು ಈ ಒಂದು ವಿಷಯದಲ್ಲಿ ಮಾತ್ರ ಹಾಲುಗೂಸಿನಷ್ಟು ಮುಗ್ಧರಾದರು. ಮತ್ತೊಮ್ಮೆ ತೂಗಿ ನೋಡುವುದೇ? ಮುದ್ರೆ ಬಿದ್ದ ಮೇಲೆ ತೂಗುವುದೆಂದರೆ ಇಲಾಖೆಯನ್ನೇ ಅವಮಾನಿಸಿದಂತೆ! ಕೈ ಸೋತಾಗ ತಕ್ಕಡಿ ಬೇಕು, ಕೈ ಗೆದ್ದಾಗ ಯಾತಕ್ಕೆ?

ತಪಾಸಣೆಯ ದಿನ ಬಂತು. ಸಾಹೇಬರು ತೋಳು ಬಿಗಿಯಾಗುವ ಅಂಗಿಯನ್ನೇ ಆರಿಸಿ ತೊಟ್ಟು ಬೇಳೆ ಸಾಹುಕಾರನ ಅಂಗಡಿಯ ಮುಂದೆ ಜೀಪಿನಿಂದ ಇಳಿದರು. ಡ್ರೈವರು ಹಲಗೆಯೊಂದನ್ನು ಇಳಿಜಾರಾಗಿಟ್ಟು ಬಟ್ಟನ್ನು ನೆಲಕ್ಕೆ ಜಾರಿಸಿದ. ಸಾಹುಕಾರ ಹೋದ ಸಲದಂತೆ ಕೈ ಚಾಚಿದ.

"ದೂರ ನಿಲ್ರೀ! ಇವತ್ತು ನಿಮ್ಮ ಬೇಳೆ ಬೇಯಲ್ಲ."

ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದರು. ಸಾಹೇಬರು ಬೆನ್ನು ನೆಟ್ಟಗಿಟ್ಟು, ಮಂಡಿ ಬಗ್ಗಿಸಿ, ಬಟ್ಟಿನ ಹಿಡಿಕೆ ಹಿಡಿದು, ಉಸಿರು ಬಿಗಿಹಿಡಿದು ಎತ್ತಿದರು. ಬಟ್ಟು ನೆಲ ಬಿಟ್ಟಿತು. ಮಂಡಿಯವರೆಗೆ ಬಂತು. ಅಲ್ಲಿ ನಿಂತು ಯೋಚಿಸಿತು. ಮತ್ತೆ ಧೊಪ್ಪನೆ ಕೆಳಗೆ! ಎರಡನೇ ಸಲವೂ ಅಷ್ಟೇ.

ಮನೆಯಲ್ಲಿ ಹೂಬುಟ್ಟಿಯಾದ ಇಪ್ಪತ್ತು ಇಲ್ಲಿ ಬಂಡೆಗಲ್ಲಾಗಿದ್ದು ಹೇಗೆ? ಸಾಹೇಬರ ತಲೆಯಲ್ಲಿ ಇಪ್ಪತ್ತೆರಡು ವರ್ಷದ ಅನುಭವ ಮಿಂಚಿತು. ಬೆರಳು ಮೇಲೆತ್ತಿ ಗುಡುಗಿದರು.

"ಈ ಬಟ್ಟಿನ ಮೇಲೇ ನನಗೆ ಅನುಮಾನ! ಇದು ಇಪ್ಪತ್ತಕ್ಕಿಂತ ಜಾಸ್ತಿ ಇದೆ!"

ಮೊದಲು ಚೇತರಿಸಿಕೊಂಡವನು ಸಾಹುಕಾರ. "ಹೌದಾ ಸಾಹೇಬ್ರೇ? ಸರ್ಕಾರದ ಬಟ್ಟೇ ತಪ್ಪಾ? ಹಾಗಾದ್ರೆ ಹೋದ ವರ್ಷ ಇದನ್ನೇ ಇಟ್ಟು ನನ್ನ ತಕ್ಕಡಿ ತಪ್ಪು ಅಂತ ಕೇಸ್ ಹಾಕಿದ್ರಲ್ಲ?"

"ನನ್ನ ಮೇಲೂ ಹಾಕಿದ್ರಿ!" ಎಂದ ಈರುಳ್ಳಿಯವನು.

"ನನ್ನ ಮೇಲೆ ಎರಡು ಸಲ!" ಎಂದ ಹಳೇ ಕಬ್ಬಿಣದವನು.

ಆಡಿದ ಮಾತು, ಒಡೆದ ಮುತ್ತು! ಅದೇ ಸಂಜೆ ನಲವತ್ತು ವ್ಯಾಪಾರಿಗಳ ಸಹಿಯಿದ್ದ ಅರ್ಜಿ ಮೇಲಧಿಕಾರಿಗಳ ಮೇಜು ಸೇರಿತು. 'ಇನ್ಸ್‌ಪೆಕ್ಟರೇ ಒಪ್ಪಿಕೊಂಡಂತೆ ಬಟ್ಟು ದೋಷಪೂರಿತವಾದ್ದರಿಂದ ನಮ್ಮ ಮೇಲಿನ ಎಲ್ಲ ಕೇಸುಗಳನ್ನು ಕೈಬಿಡಬೇಕು.' ಇಪ್ಪತ್ತೆರಡು ವರ್ಷದ ದುಡಿಮೆ ಒಂದು ವಾಕ್ಯದಲ್ಲಿ ನೀರುಪಾಲಾಗುವಂತಿತ್ತು.

ಎರಡು ದಿನದಲ್ಲಿ ಪ್ರಯೋಗಾಲಯದಲ್ಲಿ ವಿಚಾರಣೆ. ಮೇಲಧಿಕಾರಿ ಮೇಡಂ ಗಾಜಿನ ಪೆಟ್ಟಿಗೆಯ ತಕ್ಕಡಿಯ ಪಕ್ಕ ಕುಳಿತಿದ್ದರು. ಬಟ್ಟು ಸರಿಯಾಗಿ ಇಪ್ಪತ್ತು ಕೆ.ಜಿ. ಇತ್ತು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ.

"ಏನ್ರೀ, ಯಾವ ಆಧಾರದ ಮೇಲೆ ಅನುಮಾನಪಟ್ರಿ?"

"ಮೇಡಂ, ಮನೇಲಿ ದಿನಾ ಇಪ್ಪತ್ತು ಎತ್ತುತೀನಿ. ಮುದ್ರೆ ಇದೆ, ಮಹಜರಿದೆ, ಸಾಕ್ಷೀನೂ ಕರ್ಕೊಂಡು ಬಂದಿದೀನಿ." ಸಾಕ್ಷಿ ಶಾಲೆಗೆ ಅರ್ಧ ದಿನದ ರಜೆ ಹಾಕಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು.

ಎರಡೂ ಚೀಲಗಳನ್ನು ತಕ್ಕಡಿಗೆ ಹಾಕಲಾಯಿತು. ಹದಿನೈದು ಕಿಲೋ ಎಂಟುನೂರು ಗ್ರಾಂ!

"ಯಾರೋ ಕದ್ದಿದಾರೆ!" ಸಾಹೇಬರು ಚೀರಿದರು. ಮುದ್ರೆ ನೋಡಿದರು. ಹಾಕಿದ ಹಾಗೇ ಇತ್ತು. ಹೊಲಿಗೆ ನೋಡಿದರು. ಒಂದು ಎಳೆಯೂ ಬಿಚ್ಚಿರಲಿಲ್ಲ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ನೀನು...?"

"ನಾನಲ್ಲ ರೀ, ಗಾಳಿ. ಒದ್ದೆ ಮರಳು ತೂಗಿ ಮುದ್ರೆ ಹಾಕಿದ್ರಿ. ಮೂರು ತಿಂಗಳಲ್ಲಿ ನೀರು ಆರಿಹೋಯ್ತು. ಆರನೇ ಕ್ಲಾಸಿನ ಪಾಠ, ಆವಿಯಾಗುವಿಕೆ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಮದುವೆಯಾದಾಗಿಂದ ಮೊದಲನೇ ಸಲ ಸೊಪ್ಪು ತಿಂತಿದ್ರಿ. ಬೆಳಗ್ಗೆ ನಗ್ತಾ ಏಳ್ತಿದ್ರಿ. ನಾಲ್ಕು ಕೆ.ಜಿ. ನೀರಿಗೋಸ್ಕರ ಅದನ್ನ ಯಾಕೆ ಹಾಳು ಮಾಡೋದು ಅಂತ ಸುಮ್ಮನಿದ್ದೆ. ನೀವು ಸರ್ಕಾರದ ಕಬ್ಬಿಣದ ಮೇಲೇ ಕೈ ಇಡ್ತೀರಿ ಅಂತ ನನಗೇನು ಗೊತ್ತು?"

ಮೇಡಂ ಕೆಮ್ಮಿ ನಗು ನುಂಗಿಕೊಂಡರು. "ಒದ್ದೆ ಮಾಲು ತೂಗಿ ಮಾರೋ ವ್ಯಾಪಾರಿಗೆ ನೀವು ಏನು ಮಾಡ್ತೀರಿ?"

"ಕೇಸ್ ಹಾಕ್ತೀನಿ, ಮೇಡಂ."

"ಸದ್ಯ, ನೀವು ಮಾರಿಲ್ಲ. ಅನುಮಾನ ತಪ್ಪಾಗಿತ್ತು ಅಂತ ಬರೆದುಕೊಡಿ, ವ್ಯಾಪಾರಿಗಳ ಅರ್ಜಿ ನಾನು ನೋಡ್ಕೊತೀನಿ. ಆದರೆ ಒಂದು ವಿಷಯ ಅರ್ಥ ಆಗ್ತಿಲ್ಲ. ಈ ಇಪ್ಪತ್ತನ್ನೇ ಯಾಕೆ ಎತ್ತೋಕೆ ಹೋದ್ರಿ? ನಿಮ್ಮ ಜೀಪಿನ ಪೆಟ್ಟಿಗೇಲಿ ಹತ್ತು ಕೆ.ಜಿ. ಬಟ್ಟು ಎಷ್ಟಿವೆ?"

"ಎರಡಿವೆ, ಮೇಡಂ."

"ಒಂದಾದ ಮೇಲೆ ಒಂದು ಇಟ್ಟಿದ್ರೆ?"

ಸಾಹೇಬರು ಮನಸ್ಸಿನಲ್ಲೇ ಕೂಡಿದರು. ಅನುಮಾನ ಬಂದು ಮತ್ತೊಮ್ಮೆ ಕೂಡಿದರು. ಎರಡು ಸಲವೂ ಇಪ್ಪತ್ತೇ ಬಂತು.

ಬರೆದುಕೊಟ್ಟು ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣ ತಲುಪಿದರು. ಸಾಹೇಬರು ಮೆಲ್ಲಗೆ ಕೇಳಿದರು.

"ನಿಜ ಹೇಳು. ಎರಡು ಹತ್ತು ಇಟ್ರೆ ಸಾಕು ಅನ್ನೋದೂ ನಿನಗೆ ಮೊದಲೇ ಗೊತ್ತಿತ್ತಾ?"

"ಹೊಳೆದಿತ್ತು," ಎಂದರು ಟೀಚರು, ಬಸ್ಸಿಗೆ ಕೈ ತೋರಿಸುತ್ತ. "ಆದರೆ ಅದು ಒಂದನೇ ಕ್ಲಾಸಿನ ಲೆಕ್ಕ ರೀ. ನಾನು ಪಾಠ ಮಾಡೋದು ಆರರಿಂದ ಮೇಲೆ."