ಬಾವಿಯ ಮೇಲ್ಗಡೆ ಉಪ್ಪು

ಉಪ್ಪು ಇನ್ನೂ ಊರಿಗೇ ಬಂದಿಲ್ಲ. ಆದರೂ ನನ್ನ ಪುಟ್ಟ ಮಗಳು ಹೇಝಲ್‌ಳ ಬಾಟಲಿಗೆ ಹಾಲು ಕಲಸುವಾಗಲೆಲ್ಲ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತೇನೆ. ಹೆದ್ದಾರಿಯ ಹಿಮ ಕರಗಿಸಲು ಚೆಲ್ಲುವ ಉಪ್ಪಿನ ಶೆಡ್ಡು ಕುಸಿದುಬಿದ್ದಿದೆ. ಊರಿನ ರಸ್ತೆ ಮೇಸ್ತ್ರಿಯಾದ ನನ್ನ ಮಾವ ಆಲ್ಡೆನ್, ಈ ಚಳಿಗಾಲದ ರಾಶಿಯನ್ನು ನಮ್ಮ ಹಿತ್ತಲ ದಿಬ್ಬದ ಮೇಲೆ, ಬಾವಿಗೆ ನೇರ ಮೇಲ್ಗಡೆ ಹಾಕಿಸುತ್ತೇನೆಂದು ಹಟ ಹಿಡಿದಿದ್ದಾರೆ.

ನಾನು: ಮಾವ, ಮಳೆ ಬಂದ್ರೆ ಅಷ್ಟೂ ಕರಗಿ ಬಾವಿಗಿಳಿಯುತ್ತೆ!

ಮಾವ: ಟಾರ್ಪಾಲು ಹೊದಿಸ್ತೀನಮ್ಮ.

ನಾನು: ಹೋದ್ವರ್ಷ ಸೌದೆಗೆ ಹೊದಿಸಿದ ಟಾರ್ಪಾಲು ಪಕ್ಕದೂರಲ್ಲಿ ಸಿಕ್ತು.

ಮಾವ: ಗಾಳಿ ಜೋರಿತ್ತು.

ನಾನು: ಫೈರ್ ಸ್ಟೇಷನ್ ಹಿಂದೆ ಹಾಕ್ಸಿ.

ಮಾವ: ಗಾಡಿ ತುಕ್ಕು ಹಿಡಿಯುತ್ತೆ.

ನಾನು: ಚರ್ಚಿನ ಹಿಂದೆ? ಅಲ್ಲಿ ಆಸುಪಾಸಲ್ಲಿ ಯಾರ ಬಾವೀನೂ ಇಲ್ಲ.

ಮಾವ: ಪಾದ್ರಿಗಳು ಗುಲಾಬಿ ಹಾಕಿದಾರೆ. ಪಾಪ, ಸತ್ತೋಗ್ತವೆ.

ನಾನು: ಗುಲಾಬಿ ಪಾಪ, ಮೊಮ್ಮಗಳು ಪಾಪ ಅಲ್ವಾ?

ಮಾವ: ಬಾಸ್ಟನ್ನಿನ ನಲ್ಲಿ ನೀರು ಕುಡಿದೋರಿಗೆ ಎಲ್ಲಕ್ಕೂ ಭಯ!

ಸೇಬಿನ ಸಿಪ್ಪೆ ತೆಗೆಯುತ್ತಿದ್ದ ಅತ್ತೆ ಲೊರೆಟ್ಟಾ ತಲೆಯೆತ್ತದೆಯೇ ಬಾಯಿ ಹಾಕಿದರು.

ಅತ್ತೆ: ಪಕ್ಕದ ಮನೆಯೋರಿಗೆ ಒಂದು ಸಲಿಕೆ ಕೊಟ್ಟೋರಲ್ಲ. ಈಗ ಊರಿಗೇ ಜಾಗ ಕೊಡ್ತಾರಂತೆ!

ಮಾವ: ಊರ ಸೇವೆ ಕಣೇ.

ಅತ್ತೆ: ಸೇವೆಗೆ ಆ ಮೇಪಲ್ ಮರಕ್ಕೆ ಏಣಿ ಯಾಕೆ ಬೇಕಾಯ್ತು?

ಮಾವನಿಗೆ ಕೆಮ್ಮು ಬಂತು. ನಾನು ಕಿಟಕಿಗೆ ಓಡಿದೆ. ದಿಬ್ಬದೆದುರಿನ ಮರದಲ್ಲಿ ಹೊಸ ಹಲಗೆಯ ಅಟ್ಟಣೆ. ಅದರ ಮೇಲೆ ನಮ್ಮ ಸೋಫಾದ ದಿಂಬು! ಜಿಂಕೆ ಬೇಟೆಯ ಕಾಲ ಹತ್ತಿರ ಬಂದಿತ್ತು. ಉಪ್ಪು ಕಂಡರೆ ಕಾಡಿನ ಜಿಂಕೆಗಳೆಲ್ಲ ನೆಕ್ಕಲು ಇಲ್ಲಿಗೇ ಬರುತ್ತವೆ.

ನಾನು: ಮಾವ! ಉಪ್ಪು ಹಾಕಿ ಜಿಂಕೆ ಹೊಡೆಯೋದು ಅಪರಾಧ!

ಮಾವ: ನಾನೆಲ್ಲಿ ಹಾಕ್ದೆ? ಊರು ಹಾಕುತ್ತೆ, ಜಿಂಕೆ ತಾನಾಗೇ ಬರುತ್ತೆ. ನಾನು ಸುಮ್ನೆ ಮರದ ಮೇಲೆ ಕೂತಿರ್ತೀನಿ.

ನಾನು: ಬಂದೂಕು ಹಿಡ್ಕೊಂಡು?

ಮಾವ: ಕರಡಿ ಬಂದ್ರೆ?

ಹೇಝಲ್‌ಳನ್ನು ಸೊಂಟಕ್ಕೇರಿಸಿ ಫೋನು ಕೈಗೆತ್ತಿಕೊಂಡೆ. ಮಾವ ಧಡಕ್ಕನೆ ಎದ್ದರು.

ಮಾವ: ಫಾರೆಸ್ಟ್‌ನೋರಿಗಾ? ಬೇಡ ಕಣಮ್ಮ! ಚರ್ಚಿನ ಹಿಂದೇನೇ ಹಾಕಿಸ್ತೀನಿ. ಮಗು ಆಣೆಗೂ!

ಅಷ್ಟರಲ್ಲಿ ಆ ಕಡೆ ಫೋನು ಎತ್ತಿದರು.

ನಾನು: ಹಲೋ, ಪಾದ್ರಿಗಳಾ? ನಾನು ಆಲ್ಡೆನ್ ಸೊಸೆ ಕಾರಿನ್. ನಿಮ್ಮ ಗುಲಾಬಿ ಗಿಡ ಬೇರೆ ಕಡೆ ನೆಟ್ಬಿಡಿ, ಊರಿನ ಉಪ್ಪು ನಿಮ್ಮ ಹಿತ್ತಲಿಗೆ ಬರ್ತಿದೆ. ಹೂಂ, ಮಾವ ಈಗ ತಾನೇ ಒಪ್ಪಿದ್ರು.

ಮಾವ ಆಗಲೇ ಮರದ ಅಟ್ಟಣೆಯಿಂದ ದಿಂಬು, ಏಣಿ ಇಳಿಸಿ ಚರ್ಚಿನ ಕಡೆ ಸಾಗಿಸಲು ಹೊರಟಿದ್ದರು.

ನಾನು: ಇನ್ನೊಂದು ಮಾತು. ಚರ್ಚಿನ ಗಂಟೆ ಗೋಪುರಕ್ಕೆ ಇವತ್ತೇ ಬೀಗ ಹಾಕ್ಬಿಡಿ.